ಗಾಡಿಯನ್ನು ಟ್ರೇಲರಿಗೆ ಹೇರುವಾಗ



ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಎತ್ತಿನ ಗಾಡಿ ಹತ್ತದವರು ಯಾರಿದ್ದಾರೆ? ಹೊಲದಿಂದ ಶೇಂಗಾ ಮನೆಗೆ ಬಂದಿದ್ದು ಗಾಡಿಯಲ್ಲಿ. ಬಸುರಿ ತವರಿಗೆ ಹೋಗಿದ್ದು ಗಾಡಿಯಲ್ಲಿ. ಮಗು ಎತ್ತಿಕೊಂಡು ಗಂಡನ ಮನೆಗೆ ವಾಪಸು ಬಂದಿದ್ದೂ ಗಾಡಿಯಲ್ಲೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು, ಕಮಾನು ಕಟ್ಟಿದ ಗಾಡಿಯಲ್ಲಿ ರಾತ್ರಿಯೆಲ್ಲಾ ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಇವತ್ತಿಗೂ ಹೇಳ್ತಾರೆ.

ಈಗ ಗಾಡಿಗಳು ಕಡಿಮೆ. ದೂರದ ದಾರಿಗೆ ಎತ್ತು ಹೂಡುವವರು ಇನ್ನೂ ಕಡಿಮೆ. ಈಗ ಗಾಡಿಯೇ ಇನ್ನೊಂದು ಗಾಡಿ ಹತ್ತುತ್ತದೆ. ಹಳೇ ಗಾಡಿ ಮಾರಿದರೆ ಕೊಂಡವರು ಟ್ರಾಕ್ಟರಿನ ಟ್ರೇಲರಿಗೆ ಹಾಕಿಕೊಂಡು ಹೋಗ್ತಾರೆ. ಗಾಲಿಯ ಪಟ್ಟಿ ಬಿಚ್ಚಿಕೊಂಡರೆ ಬಡಗಿ ಇರುವ ಊರಿಗೆ ಹಾಗೇ ಸಾಗಿಸ್ತಾರೆ. ಗಾಡಿ ಓಟದ ಪಂದ್ಯಕ್ಕೆ, ಮೆರವಣಿಗೆಗೆ ಅಂತಲೂ ಹೇರ್ತಾರೆ. ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸಲು ಬಾಡಿಗೆ ಕುದುರೆ ಸಾರೋಟು ಬರುತ್ತಲ್ಲ, ಅದನ್ನೂ ಪೇಟೆಯಿಂದ ಇಲ್ಲಿವರೆಗೆ ಕುದುರೆ ಎಳೆದು ತರೋದಿಲ್ಲ. ಸಾರೋಟು ಲಾರಿಯ ಮೇಲೆ ಕೂತು ಬರುತ್ತೆ.

"ಇದು ಗಂಡಸರ ಕೆಲಸ. ನಮಗ್ಯಾಕೆ ಇದರ ಪಾಠ?" ಅಂತ ನೀವು ಕೇಳಬಹುದು. ಗಾಡಿ ಹಲಗೆ ಹತ್ತುವಾಗ ಗಾಲಿಯ ಹಿಂದೆ ಕಲ್ಲು ಕೊಡೋರು ಯಾರು? ಬಹಳ ಸಲ ಹೆಣ್ಣುಮಕ್ಕಳು, ಇಲ್ಲವೇ ಹುಡುಗರು. ಹೇರಿ ಆದ ಮೇಲೆ "ಮೇಲೆ ಹತ್ತಿ, ಗಾಡಿ ಅಲ್ಲಾಡದ ಹಾಗೆ ಹಿಡ್ಕೊಂಡು ಕೂತ್ಕೊಳ್ಳಿ" ಅಂತ ಯಾರಿಗೆ ಹೇಳ್ತಾರೆ? ನಮಗೇ. ಹಾಗಾಗಿ ಈ ಪಾಠ ನಮಗೆ ಬೇಕು.

ಕೈಯಲ್ಲಿ ಹಿಡಿದರೆ ನಿಲ್ಲುತ್ತದೆಯೇ?

ಬಸ್ಸಿನಲ್ಲಿ ನಿಂತಿದ್ದೀರಿ. ಡ್ರೈವರು ಥಟ್ಟನೆ ಬ್ರೇಕ್ ಒತ್ತಿದ. ಏನಾಗುತ್ತೆ? ಬಸ್ಸು ನಿಲ್ಲುತ್ತೆ, ನೀವು ಮುಂದಕ್ಕೆ ಮುಗ್ಗರಿಸ್ತೀರಿ. ಓಡುತ್ತಿದ್ದ ವಸ್ತು ಓಡುತ್ತಲೇ ಇರಲು ನೋಡುತ್ತೆ. ತಡೆದರೆ ಮಾತ್ರ ನಿಲ್ಲುತ್ತೆ. ಟ್ರೇಲರಿನ ಮೇಲಿನ ಗಾಡಿಗೂ ಇದೇ ಮಾತು. ಅದಕ್ಕೆ ಗಾಲಿ ಬೇರೆ ಇದೆ. ಉರುಳೋದೇ ಅದರ ಕೆಲಸ.

ಒಂದು ಲೆಕ್ಕ ಮಾಡೋಣ. ಗಾಡಿ 300 ಕೆಜಿ ಇದೆ ಅಂತ ಇಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಒತ್ತಿದರೆ ತೂಕದ ಅರ್ಧದಷ್ಟು ಬಲ ಮುಂದಕ್ಕೆ ನೂಕುತ್ತೆ. ಅಂದರೆ 150 ಕೆಜಿ. 50 ಕೆಜಿಯ ಮೂರು ಅಕ್ಕಿ ಚೀಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ. ನಾಲ್ಕು ಜನ ಹೆಂಗಸರು ಅಲ್ಲಾಡುವ ಟ್ರೇಲರಿನಲ್ಲಿ ಕೂತು ಇದನ್ನು ತಡೆಯೋಕಾಗುತ್ತಾ? ಆಗೋದಿಲ್ಲ. ಗಾಡಿಗೂ ಟ್ರೇಲರಿನ ಮುಂದಿನ ತಗಡಿಗೂ ನಡುವೆ ಸಿಕ್ಕಿಕೊಳ್ತಾರೆ ಅಷ್ಟೇ.

ಯುರೋಪಿನ ದೇಶಗಳಲ್ಲಿ ಲಾರಿಗೆ ಸಾಮಾನು ಕಟ್ಟೋಕೆ ಒಂದು ಲೆಕ್ಕ ಇಟ್ಟಿದ್ದಾರೆ. ಸಾಮಾನಿನ ತೂಕವನ್ನು 10 ಪಾಲು ಮಾಡಿದರೆ, ಕಟ್ಟಿದ ಕಟ್ಟು ಮುಂದಕ್ಕೆ 8 ಪಾಲು ತಡೆಯಬೇಕು. ಪಕ್ಕಕ್ಕೆ ಮತ್ತು ಹಿಂದಕ್ಕೆ 5 ಪಾಲು ತಡೆಯಬೇಕು. ನಮ್ಮ 300 ಕೆಜಿ ಗಾಡಿಗೆ ಮುಂದಕ್ಕೆ 240 ಕೆಜಿ ಆಯ್ತು. ಇದು ಹಗ್ಗ, ಸರಪಳಿ, ಮರದ ತುಂಡು ಮಾಡುವ ಕೆಲಸ. ಮನುಷ್ಯರ ಕೈ ಮಾಡುವ ಕೆಲಸ ಅಲ್ಲ.

ಮೊದಲು ಅಳತೆ

ಹೇರುವ ಮೊದಲು ಎರಡನ್ನೂ ಅಳೆಯಬೇಕು. ಟೇಪು ಇದ್ದರೆ ಟೇಪು, ಇಲ್ಲದಿದ್ದರೆ ಒಂದು ಹಗ್ಗ ಸಾಕು. ಗಾಡಿಯ ಒಂದು ಗಾಲಿಯ ಗುಂಬದಿಂದ ಇನ್ನೊಂದು ಗುಂಬದ ತುದಿಯವರೆಗೆ ಹಗ್ಗ ಹಿಡಿದು ಗಂಟು ಹಾಕಿ. ಅದೇ ಹಗ್ಗವನ್ನು ಟ್ರೇಲರಿನ ಒಳಗೆ ಅಡ್ಡ ಹಿಡಿಯಿರಿ. ಗಂಟು ಒಳಗೇ ಉಳಿದರೆ ಗಾಡಿ ಹಿಡಿಯುತ್ತೆ. ಉದ್ದವನ್ನೂ ಹೀಗೇ ನೋಡಿ. ಮೂಕಿಯ ತುದಿ ಬಿಟ್ಟು ಅಳೆಯಬೇಡಿ. ಬಹಳ ಜನ ತಪ್ಪೋದು ಇಲ್ಲೇ.

ಮೂಕಿ ಟ್ರೇಲರಿನಿಂದ ಹಿಂದಕ್ಕೆ ಚಾಚಿಕೊಂಡರೆ ಹಿಂದೆ ಬರುವ ಬೈಕಿನವನ ಎದೆಗೆ ಬರುತ್ತೆ. ಕತ್ತಲಲ್ಲಿ ಅದು ಕಾಣೋದೇ ಇಲ್ಲ. ಮುಂದಕ್ಕೆ ಚಾಚಿದರೆ ಇನ್ನೂ ಕೆಟ್ಟದ್ದು. ಟ್ರಾಕ್ಟರು ತಿರುವಿನಲ್ಲಿ ಹೊರಳಿದಾಗ ಮೂಕಿ ಡ್ರೈವರಿನ ಬೆನ್ನಿಗೆ ಹೋಗುತ್ತೆ. ಕೆಂಪು ಬಟ್ಟೆ ಕಟ್ಟಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಸಾಲದು. ಸಾಮಾನು ವಾಹನದಿಂದ ಹೊರಗೆ ಚಾಚಬಾರದು ಅಂತಲೇ ನಿಯಮ ಇದೆ. ಮೂಕಿ ಬಿಚ್ಚಲು ಬರುವ ಗಾಡಿಯಾದರೆ ಬಿಚ್ಚಿ. ಬರದಿದ್ದರೆ ಉದ್ದ ಇರುವ ಲಾರಿಯನ್ನೇ ಗೊತ್ತು ಮಾಡಬೇಕು. ಬಾಡಿಗೆ ಹೆಚ್ಚಾಗುತ್ತೆ, ನಿಜ. ಅದಕ್ಕೆ ಬೇರೆ ದಾರಿ ಇಲ್ಲ.

ಗಾಲಿ ಬಿಚ್ಚಿ ಹೇರೋದೋ, ಗಾಲಿ ಸಮೇತ ಹೇರೋದೋ?

ದೂರ ಹೋಗೋದಾದರೆ ಗಾಲಿ ಬಿಚ್ಚೋದೇ ಮೇಲು ಅಂತ ನಮ್ಮ ಅಭಿಪ್ರಾಯ. ಕಡಾಣಿ ಕಿತ್ತು, ಗಾಲಿ ಎಳೆದು, ಗಾಡಿಯ ಒಡಲನ್ನು ಟ್ರೇಲರಿನ ನೆಲದ ಮೇಲೆ ಮಲಗಿಸಬೇಕು. ಗಾಲಿ ಇಲ್ಲದ ಗಾಡಿ ಉರುಳೋದಿಲ್ಲ. ಎತ್ತರವೂ ಕಡಿಮೆ ಆಗುತ್ತೆ. ಬಿಚ್ಚಿದ ಗಾಲಿಗಳನ್ನು ನಿಲ್ಲಿಸಬೇಡಿ, ಮಲಗಿಸಿ ಕಟ್ಟಿ. ಒಂದೊಂದು ಗಾಲಿಯೂ ಒಬ್ಬ ಆಳಿನ ಕಾಲು ಮುರಿಯುವಷ್ಟು ಭಾರ ಇರುತ್ತೆ. ಬಿಚ್ಚುವಾಗ ಗಾಡಿಯ ಕೆಳಗೆ ಮೊದಲು ದಿಮ್ಮಿ ಇಡಬೇಕು. ಬರಿಯ ಹೆಗಲು ಕೊಟ್ಟು ಎತ್ತಿ ಹಿಡಿಯಬಾರದು.

ಕಿತ್ತ ಕಡಾಣಿಗಳನ್ನು ಯಾರು ಇಟ್ಟುಕೊಳ್ತಾರೆ ಅಂತ ಆಗಲೇ ಗೊತ್ತು ಮಾಡಿ. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣ ಅದು. ಕಳೆದರೆ ಇಡೀ ಗಾಡಿ ನಿಂತುಹೋಗುತ್ತೆ. ಒಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳಿ.

ಹಲಗೆ ಎಷ್ಟು ಉದ್ದ ಇರಬೇಕು?

ಗಾಲಿ ಸಮೇತ ಹೇರೋದಾದರೆ ಹಲಗೆ ಬೇಕು. ಟ್ರೇಲರಿನ ನೆಲ ಭೂಮಿಯಿಂದ ಸುಮಾರು 3 ಅಡಿ ಎತ್ತರ ಇರುತ್ತೆ. 300 ಕೆಜಿ ಗಾಡಿಯನ್ನು 6 ಅಡಿ ಹಲಗೆಯ ಮೇಲೆ ತಳ್ಳಿದರೆ ಸುಮಾರು 150 ಕೆಜಿ ಬಲ ಬೇಕು. ಅದೇ ಹಲಗೆ 12 ಅಡಿ ಇದ್ದರೆ ಸುಮಾರು 75 ಕೆಜಿ ಸಾಕು. ಉಜ್ಜಾಟಕ್ಕೆ ಅಂತ ಸ್ವಲ್ಪ ಸೇರಿಸಿಕೊಳ್ಳಿ. ಎತ್ತರ ಅಷ್ಟೇ, ಭಾರ ಅಷ್ಟೇ. ಹಲಗೆ ಉದ್ದವಾದ ಹಾಗೆ ಏರು ಕಡಿಮೆ, ಶ್ರಮ ಕಡಿಮೆ. ನೇರ ಗುಡ್ಡ ಹತ್ತುವುದಕ್ಕಿಂತ ಸುತ್ತಿ ಹೋಗುವ ದಾರಿ ಹಗುರ ಅಲ್ವಾ, ಹಾಗೆ.

ನಮ್ಮ ರೈತರಿಗೆ ಇನ್ನೊಂದು ಉಪಾಯ ಗೊತ್ತಿದೆ. ಹೊಲದ ಬದುವಿಗೋ ದಿಬ್ಬಕ್ಕೋ ಟ್ರೇಲರಿನ ಹಿಂಭಾಗ ತಾಗಿಸಿ ನಿಲ್ಲಿಸ್ತಾರೆ. ದಿಬ್ಬವೂ ಟ್ರೇಲರಿನ ನೆಲವೂ ಒಂದೇ ಮಟ್ಟಕ್ಕೆ ಬಂದರೆ ಗಾಡಿ ಸಲೀಸಾಗಿ ಒಳಗೆ ಹೋಗುತ್ತೆ. ಇದು ಒಳ್ಳೇ ಪದ್ಧತಿ. ಆದರೆ ನಡುವೆ ಸಂದು ಬಿಟ್ಟಿರಬಾರದು, ಮಣ್ಣು ಸಡಿಲ ಇರಬಾರದು. ಟ್ರಾಕ್ಟರಿನ ಹ್ಯಾಂಡ್ ಬ್ರೇಕ್ ಹಾಕಿ, ಟ್ರೇಲರಿನ ಗಾಲಿಗೂ ಕಲ್ಲು ಕೊಟ್ಟಿರಬೇಕು.

ಈಗ ಆ ಕಲ್ಲು ಕೊಡುವ ಕೆಲಸದ ಮಾತು. ಗಂಡಸರು "ಐಸಾ" ಅಂತ ತಳ್ಳುತ್ತಾರೆ. ಗಾಡಿ ಒಂದು ಗೇಣು ಹತ್ತುತ್ತೆ. ಕೂಡಲೇ ಒಬ್ಬರು ಬಗ್ಗಿ ಗಾಲಿಯ ಹಿಂದೆ ಕಲ್ಲು ಇಡಬೇಕು. ಗಾಡಿ ಜಾರಿದರೆ ಮೊದಲು ಸಿಕ್ಕೋದು ಅವರ ಕೈ. ಗುಂಡು ಕಲ್ಲಾದರೆ ಗಾಲಿ ಅದನ್ನೂ ಉರುಳಿಸಿಕೊಂಡು ಬರುತ್ತೆ. ಅದಕ್ಕೆ ಕಲ್ಲು ಬೇಡ. ಒಂದು ಕಡೆ ಓರೆಯಾಗಿ ಕಡಿದ ಮರದ ತುಂಡು ಮಾಡಿಸಿಕೊಳ್ಳಿ. ಅದಕ್ಕೆ ಉದ್ದನೆಯ ಕೋಲು ಹಿಡಿಕೆ ಹೊಡೆಸಿ. ಗಾಲಿಯ ಹಿಂದೆ ನಿಲ್ಲದೆ, ಪಕ್ಕದಲ್ಲಿ ನಿಂತು, ಕೋಲಿನಿಂದ ತುಂಡನ್ನು ನೂಕಿ. ಬಗ್ಗೋದೂ ಬೇಡ, ಕೈ ಕೊಡೋದೂ ಬೇಡ. ಇಂಥ ತುಂಡು ಎರಡು ಬೇಕು, ಎರಡು ಗಾಲಿಗೆ ಎರಡು. ಮಕ್ಕಳನ್ನು ಈ ಕೆಲಸಕ್ಕೆ ಬಿಡಬೇಡಿ.

ಇನ್ನೊಂದು ಹಗ್ಗವನ್ನು ಗಾಡಿಯ ಅಚ್ಚಿಗೆ ಕಟ್ಟಿ, ಮುಂದಿರುವ ಗಟ್ಟಿ ಬೇವಿನ ಮರಕ್ಕೋ ಕಲ್ಲುಕಂಬಕ್ಕೋ ಎರಡು ಸುತ್ತು ಹಾಕಿ, ಒಬ್ಬರು ತುದಿ ಹಿಡಿದಿದ್ದರೆ ಬಹಳ ಒಳ್ಳೆಯದು. ಗಾಡಿ ಏರಿದಂತೆ ಸಡಿಲ ಎಳೆದುಕೊಳ್ಳಬೇಕು. ತಳ್ಳುವವರ ಕಾಲು ಜಾರಿದರೂ ಸುತ್ತು ಬಿಗಿದು ಗಾಡಿಯನ್ನು ಹಿಡಿಯುತ್ತೆ.

ಭಾರ ಎಲ್ಲಿ ಕೂರಬೇಕು?

ಇದು ನಿಮಗೆ ಆಗಲೇ ಗೊತ್ತಿರುವ ಪಾಠ. ಗಾಡಿಗೆ ಹಿಂಭಾರ ಹಾಕಿದರೆ ನೊಗ ಮೇಲಕ್ಕೆ ಎದ್ದು ಎತ್ತಿನ ಕೊರಳು ಬಿಗಿಯುತ್ತೆ. ಮುಂಭಾರ ಹಾಕಿದರೆ ನೊಗ ಎತ್ತಿನ ಹೆಗಲು ಮುರಿಯುವ ಹಾಗೆ ಒತ್ತುತ್ತೆ. ಎರಡು ಗಾಲಿಯ ಟ್ರೇಲರೂ ದೊಡ್ಡದೊಂದು ಗಾಡಿಯೇ. ಎತ್ತಿನ ಜಾಗದಲ್ಲಿ ಟ್ರಾಕ್ಟರು ಇದೆ, ಅಷ್ಟೇ. ಹಿಂಭಾರ ಆದರೆ ಟ್ರಾಕ್ಟರಿನ ಹಿಂದಿನ ಗಾಲಿಗಳು ಹಗುರಾಗಿ ಹಿಡಿತ ತಪ್ಪುತ್ತೆ. ಮುಂಭಾರ ಅತಿಯಾದರೆ ಏರಿನಲ್ಲಿ ಟ್ರಾಕ್ಟರಿನ ಮೂತಿ ಮೇಲೇಳುತ್ತೆ. ಆದ್ದರಿಂದ ಹೇರಿದ ಗಾಡಿಯ ಅಚ್ಚು ಟ್ರೇಲರಿನ ಅಚ್ಚಿಗಿಂತ ತುಸು ಮುಂದೆ ಬರಲಿ.

ಕಟ್ಟೋದು

ಗಾಲಿಯ ಮುಂದೆ ಒಂದು, ಹಿಂದೆ ಒಂದು ಮರದ ತುಂಡು ಇಟ್ಟು, ತುಂಡುಗಳು ಜರುಗದ ಹಾಗೆ ಮೊಳೆ ಹೊಡೆಯಬೇಕು. ಆಮೇಲೆ ಹಗ್ಗ. ಹಗ್ಗವನ್ನು ಅಚ್ಚಿಗೆ ಕಟ್ಟಬೇಕು. ಗಾಲಿಯ ಆರೆಗಳಿಗೆ ಕಟ್ಟಿದರೆ ಆರೆ ಮುರಿಯುತ್ತೆ. ಪಕ್ಕದ ಗೂಟಕ್ಕೆ ಕಟ್ಟಿದರೆ ಗೂಟ ಕಿತ್ತುಕೊಂಡು ಬರುತ್ತೆ. ಅಚ್ಚಿನಿಂದ ಟ್ರೇಲರಿನ ನಾಲ್ಕು ಮೂಲೆಯ ಕೊಂಡಿಗೆ ನಾಲ್ಕು ಹಗ್ಗ ಹೋಗಬೇಕು. ಎರಡು ಮುಂದಕ್ಕೆ ಎಳೆಯಬೇಕು, ಎರಡು ಹಿಂದಕ್ಕೆ. ನಾಲ್ಕೂ ಒಂದೇ ಬಿಗಿಯಲ್ಲಿ ಇರಬೇಕು. ಮೊಳಕಾಲ್ಮೂರಿನ ಮಗ್ಗದ ಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಹಾಸು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದರೆ ಸೀರೆ ಏನಾಗುತ್ತೆ ಅಂತ ಅವರಿಗೆ ಗೊತ್ತು.

ಕಬ್ಬಿಣದ ಅಂಚಿಗೆ ಹಗ್ಗ ಉಜ್ಜುವ ಕಡೆ ಗೋಣಿ ತಾಟು ಸುತ್ತಿ. ಇಲ್ಲದಿದ್ದರೆ ಅಲ್ಲಾಡಿ ಅಲ್ಲಾಡಿ ಹಗ್ಗ ಕತ್ತರಿಸಿ ಹೋಗುತ್ತೆ.

ಕುದುರೆ ಸಾರೋಟಿಗೆ ಒಂದು ಮಾತು ಹೆಚ್ಚು. ಅದರ ಒಡಲು ಸ್ಪ್ರಿಂಗಿನ ಮೇಲೆ ಕೂತಿರುತ್ತೆ. ಒಡಲಿಗೆ ಹಗ್ಗ ಕಟ್ಟಿದರೆ ಹಂಪು ಬಂದಾಗ ಒಡಲು ಕೆಳಗೆ ಕುಸಿಯುತ್ತೆ, ಹಗ್ಗ ಸಡಿಲ ಆಗುತ್ತೆ. ಅಲ್ಲೂ ಅಚ್ಚಿಗೇ ಕಟ್ಟಬೇಕು. ಮೈಸೂರಿನಂಥ ಊರಲ್ಲಿ ಟಾಂಗಾ, ಸಾರೋಟು ಇವತ್ತಿಗೂ ಓಡುತ್ತವೆ. ಅವುಗಳನ್ನು ಸಾಗಿಸುವಾಗಲೂ ಇದೇ ಲೆಕ್ಕ.

ಎಷ್ಟೇ ಬಿಗಿದರೂ ಹೊಸದಾಗಿ ಕಟ್ಟಿದ ಹಗ್ಗ ದಾರಿಯಲ್ಲಿ ಸ್ವಲ್ಪ ಸಡಿಲ ಆಗೇ ಆಗುತ್ತೆ. ಹೊರಟು ನಾಲ್ಕೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ನೋಡಬೇಕು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋದಾದರೆ ಆಮೇಲೆ ತಳಕಿನಲ್ಲಿ ಒಂದು ಸಲ, ಬಿ.ಜಿ. ಕೆರೆಯಲ್ಲಿ ಒಂದು ಸಲ ನೋಡಿದರೆ ಸಾಕು. ನೆನಪಿಡಿ, ಬಹಳಷ್ಟು ಟ್ರೇಲರುಗಳಿಗೆ ತಮ್ಮದೇ ಬ್ರೇಕು ಇರೋದಿಲ್ಲ. ಎಲ್ಲಾ ಭಾರವನ್ನೂ ಟ್ರಾಕ್ಟರೇ ತಡೆಯಬೇಕು. ನಿಧಾನವಾಗಿ ಓಡಿಸು ಅಂತ ಡ್ರೈವರಿಗೆ ಹೇಳೋಕೆ ಸಂಕೋಚ ಬೇಡ.

ತಲೆಯ ಮೇಲಿನ ತಂತಿ

ಟ್ರೇಲರು 3 ಅಡಿ. ಅದರ ಮೇಲೆ ಗಾಲಿ 5 ಅಡಿ. ಮೂಕಿಯನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ತುದಿ 15 ಅಡಿ ಮುಟ್ಟಬಹುದು. ರಸ್ತೆಗೆ ಅಡ್ಡ ಹೋಗುವ ಮನೆ ಕರೆಂಟಿನ ತಂತಿ ನೆಲದಿಂದ 5.8 ಮೀಟರ್, ಅಂದರೆ ಸುಮಾರು 19 ಅಡಿ ಎತ್ತರ ಇರಬೇಕು ಅಂತ ನಿಯಮ. ಆದರೆ ಹೊಲದ ದಾರಿಯಲ್ಲಿ, ಊರ ಓಣಿಯಲ್ಲಿ ಜೋತು ಬಿದ್ದ ತಂತಿ ನೀವು ನೋಡಿಲ್ವಾ? ಮೂಕಿಯನ್ನು ಎತ್ತಿ ಕಟ್ಟಬೇಡಿ. ಗಾಡಿಯ ಮೇಲೆ ನಿಂತು ಕೋಲಿನಿಂದ ತಂತಿ ಎತ್ತಿ ದಾರಿ ಮಾಡಿಕೊಡುವವರಿದ್ದಾರೆ. ದಯಮಾಡಿ ಅವರನ್ನು ಇಳಿಸಿ. ಒಣಗಿದ ಕೋಲಲ್ಲೂ ಹಸಿ ಇರುತ್ತೆ.

ಹೊರಡುವ ಹಿಂದಿನ ದಿನ ದಾರಿಯಲ್ಲಿ ಒಮ್ಮೆ ನಡೆದು ನೋಡಿ. ಜೋತ ತಂತಿ ಕಂಡರೆ ಬೆಸ್ಕಾಂಗೆ 1912 ನಂಬರಿಗೆ ಫೋನು ಮಾಡಿ ಹೇಳಿ. ಎಲ್ಲಾದರೂ ತಂತಿ ಗಾಡಿಗೆ ತಗುಲಿಬಿಟ್ಟರೆ ಓಡಿಹೋಗಿ ಟ್ರಾಕ್ಟರು ಮುಟ್ಟಬೇಡಿ. ಡ್ರೈವರು ಕೂತಲ್ಲೇ ಕೂತಿರಲಿ. ಕರೆಂಟು ತೆಗೆಸಿದ ಮೇಲೆ ಇಳಿಯಲಿ. ಬೆಂಕಿ ಹತ್ತಿದರೆ ಮಾತ್ರ ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು. ಒಂದು ಕೈ ಟ್ರಾಕ್ಟರಿನ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ಜೀವ ಹೋಗುತ್ತೆ.

ಎತ್ತುಗಳು ಎಲ್ಲಿ?

"ಹೇಗೂ ಟ್ರೇಲರು ಹೋಗ್ತಿದೆ, ಎತ್ತುಗಳನ್ನೂ ಅದರಲ್ಲೇ ಏರಿಸೋಣ" ಅಂತಾರೆ. ಇದು ಬೇಡ. ಗಾಡಿ ಜರುಗಿದರೆ ಎತ್ತಿನ ಕಾಲು ಮುರಿಯುತ್ತೆ. ಎತ್ತು ಬೆದರಿದರೆ ಗಾಡಿಯ ಕಟ್ಟು ಕಿತ್ತುಹೋಗುತ್ತೆ. 1978ರ ಪ್ರಾಣಿ ಸಾಗಾಣಿಕೆ ನಿಯಮದಲ್ಲೂ ದನ ಒಯ್ಯುವ ವಾಹನದಲ್ಲಿ ಬೇರೆ ಸಾಮಾನು ಹೇರಬಾರದು ಅಂತ ಇದೆ. ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಬೇಡ. ನೆಲಕ್ಕೆ ನಾರಿನ ಚಾಪೆ ಹಾಸಬೇಕು. ದನಗಳ ಮುಖ ಇಂಜಿನ್ ಕಡೆ ಇರಬೇಕು. ನೋಡಿಕೊಳ್ಳಲು ಒಬ್ಬ ಆಳು ಜೊತೆಗಿರಬೇಕು. ಪ್ರಯಾಣಕ್ಕೆ ಯೋಗ್ಯ ಅಂತ ಪಶುವೈದ್ಯರ ಚೀಟಿಯೂ ಬೇಕು. ಮ್ಯಾಸಬೇಡರ ದೇವರೆತ್ತುಗಳ ಹೆಗಲಿಗೆ ನೊಗವನ್ನೇ ಇಡದ ಸೀಮೆ ಇದು. ಇಲ್ಲಿ ಎತ್ತಿನ ಮೇಲೆ ಗಾಡಿ ಬೀಳುವ ಹಾಗೆ ಹೇರಬಾರದು.

ನಾವು ಎಲ್ಲಿ?

ಟ್ರಾಕ್ಟರಿಗೆ ಇರೋದು ಒಂದೇ ಸೀಟು. ಅದು ಡ್ರೈವರದು. ಮಡ್‌ಗಾರ್ಡ್ ಸೀಟಲ್ಲ. ಟ್ರೇಲರು ಸಾಮಾನಿನ ವಾಹನ, ಜನರದ್ದಲ್ಲ. ಅಪಘಾತ ಆದರೆ ಪರಿಹಾರದ ಕಥೆ ಏನು ಅಂತ ಕೇಳಿ. ಸಾಮಾನಿನ ವಾಹನದಲ್ಲಿ ಸುಮ್ಮನೆ ಹತ್ತಿದ ಜನರಿಗೆ ಪರಿಹಾರ ಕೊಡುವುದು ವಿಮಾ ಕಂಪನಿಯ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಸಾಮಾನಿನ ಯಜಮಾನ ಅಥವಾ ಅವನ ಪರವಾಗಿ ಬಂದವನಿಗೆ 1994ರ ತಿದ್ದುಪಡಿಯಿಂದ ಸ್ವಲ್ಪ ರಕ್ಷಣೆ ಇದೆ. ಆದರೆ ಗಾಡಿ ಹಿಡಿದುಕೊಂಡು ಕೂತ ಹತ್ತು ಜನರೂ ಯಜಮಾನರು ಅಂತ ಹೇಳೋಕಾಗುತ್ತಾ? ಹಾಗಾಗಿ ದುಡಿಯುವ ಹೆಣ್ಣುಮಗಳು ಮೂಲೆಗೆ ಬಿದ್ದರೆ ಆಸ್ಪತ್ರೆಯ ಖರ್ಚು ಮನೆಯ ಮೇಲೇ ಬರುತ್ತೆ.

ಬಾಡಿಗೆ ಮಾತಾಡುವಾಗ ವಿಮೆಯ ಕಾಗದ ತೋರಿಸಿ ಅಂತ ಕೇಳಿ. ಕಾಗದ ಇಂಗ್ಲಿಷಿನಲ್ಲಿ ಇರಬಹುದು. ಅಂಕಿಗಳು ನೀವು ಕಲಿತವೇ. ಎರಡು ತಾರೀಖು ಇರುತ್ತೆ. ಒಂದು ಶುರುವಾಗುವ ದಿನ, ಒಂದು ಮುಗಿಯುವ ದಿನ. ಮುಗಿಯುವ ದಿನ ಕಳೆದುಹೋಗಿದ್ದರೆ ಆ ವಾಹನ ಬೇಡ. ಬೇಸಾಯಕ್ಕೆ ಅಂತ ವಿಮೆ ಮಾಡಿಸಿದ ಟ್ರಾಕ್ಟರನ್ನು ಬಾಡಿಗೆಗೆ ಓಡಿಸಿದರೂ ತಕರಾರು ಬರುತ್ತೆ. ಅದನ್ನೂ ಕೇಳಿ ತಿಳಿದುಕೊಳ್ಳಿ. ಕೇಳಿದ್ದಕ್ಕೆ ಕೆಲವರು ನಗಬಹುದು. ನಗಲಿ.

ಹಾಗಾದರೆ ನಾವು ಹೋಗೋದು ಹೇಗೆ? ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿನ ಹಣ ಇಲ್ಲ. ಗುರುತಿನ ಚೀಟಿ ಇಟ್ಟುಕೊಂಡು ಹೋಗಿ. ಸರ್ಕಾರಿ ಬಸ್ಸು ಬಾರದ ಊರಾದರೆ ಖಾಸಗಿ ಬಸ್ಸಿಗೆ ಕೊಡುವ ಹಣವನ್ನೂ ಗಾಡಿ ಸಾಗಿಸುವ ಖರ್ಚಿನಲ್ಲೇ ಸೇರಿಸಬೇಕು. ಗಂಡಸರು ಲೆಕ್ಕ ಹಾಕುವಾಗ ಇದನ್ನು ಬಿಡ್ತಾರೆ. ನೀವು ಬರೆಸಿ.

ಇಳಿಸುವಾಗ

ಹೇರುವಾಗ ಎಲ್ಲರೂ ಎಚ್ಚರವಾಗಿರ್ತಾರೆ. ಇಳಿಸುವಾಗ ಊರು ಬಂತು ಅಂತ ಅವಸರ. ಗಾಡಿ ಇಳಿಜಾರಿನಲ್ಲಿ ತಾನೇ ಓಡುತ್ತೆ. ಮೊದಲು ಹಲಗೆ ಹಾಕಿ, ಮರಕ್ಕೆ ಸುತ್ತಿದ ಹಗ್ಗ ಅಚ್ಚಿಗೆ ಕಟ್ಟಿ, ಆಮೇಲೆ ಮಾತ್ರ ನಾಲ್ಕು ಮೂಲೆಯ ಕಟ್ಟು ಬಿಚ್ಚಿ. ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಹಲಗೆಯ ಕೆಳ ತುದಿಯಲ್ಲಿ ಯಾರೂ ನಿಂತಿರಬಾರದು. ನೋಡಲು ಓಡಿ ಬರುವ ಮಕ್ಕಳನ್ನು ದೂರ ನಿಲ್ಲಿಸುವ ಕೆಲಸಕ್ಕೇ ಒಬ್ಬರು ಬೇಕು.

ಗಾಲಿ ಬಿಚ್ಚಿ ತಂದಿದ್ದರೆ ಈಗ ಚೀಲದಿಂದ ಕಡಾಣಿ ತೆಗೆಯಿರಿ. ಎರಡು ಇದ್ದಾವಾ, ಎಣಿಸಿ. ಅಚ್ಚಿಗೆ ಎಣ್ಣೆ ಹಚ್ಚಿ, ಗಾಲಿ ಏರಿಸಿ, ಕಡಾಣಿ ಬಡಿಯಿರಿ. ಎತ್ತು ಹೂಡುವ ಮೊದಲು ಗಾಡಿಯನ್ನು ಕೈಯಲ್ಲೇ ಹತ್ತು ಹೆಜ್ಜೆ ತಳ್ಳಿ ನೋಡಿ. ಕಡಾಣಿ ಅಲ್ಲಾಡದಿದ್ದರೆ ಎತ್ತು ಕಟ್ಟಿ.